ನಲವತ್ತು ದಾಟಿದ ರೇಸ್ ಚಾಲಕ, ಇಪ್ಪತ್ತರ ಜೊತೆಗಾರ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ವಾಹನಗಳ ಬಿಡಿಭಾಗ ಮಾರುವವನ ಬಳಿ ಜನ ಕ್ಲಚ್ ಪ್ಲೇಟಿನ ಬೆಲೆ ಕೇಳಬೇಕು. ಕೇಳುತ್ತಾರೆ ಕೂಡ. ಆದರೆ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ಫಾರ್ಮುಲಾ ಒನ್ ಕಾರ್ ರೇಸಿನ ವೇಳಾಪಟ್ಟಿ ತೂಗುಹಾಕಿದಂದಿನಿಂದ ಸೋಮವಾರದ ವ್ಯಾಪಾರಕ್ಕೆ ಇನ್ನೊಂದು ಕೆಲಸ ಸೇರಿಕೊಂಡಿದೆ. ಯುರೋಪಿನ ರೇಸ್‌ಗಳು ಹೆಚ್ಚಾಗಿ ನಮ್ಮ ಭಾನುವಾರ ಸಂಜೆ ಆರೂವರೆಗೆ ಶುರುವಾಗುತ್ತವೆ. ಹಾಸ್ಟೆಲ್ ಹುಡುಗರು ಮೊಬೈಲಿನಲ್ಲಿ ನೋಡಿ ಮರುದಿನ ವಾದಕ್ಕೆ ಬರುತ್ತಾರೆ. ಚಿತ್ರದುರ್ಗದ ಕಡೆಯ ಲಾರಿ ಚಾಲಕರು ಫ್ಯಾನ್ ಬೆಲ್ಟ್ ಕಟ್ಟಿಸಿಕೊಳ್ಳುತ್ತಲೇ ಕಿವಿಗೊಡುತ್ತಾರೆ. ಹೊಳಲ್ಕೆರೆಯ ನಿವೃತ್ತ ಮೇಷ್ಟ್ರೊಬ್ಬರಂತೂ ಇವತ್ತಿಗೂ ಅಂಚೆ ಕಾರ್ಡಿನಲ್ಲೇ ಕೇಳುತ್ತಾರೆ. ಅಲೊನ್ಸೊ, ಹ್ಯಾಮಿಲ್ಟನ್ ಎಂಬ ಹೆಸರಾಂತ ಚಾಲಕರಿಬ್ಬರೂ ನಲವತ್ತು ಮುಟ್ಟಿದ ಮೇಲೆ ಬಹುತೇಕ ಪ್ರಶ್ನೆಗಳು ವಯಸ್ಸಿನ ಸುತ್ತಲೇ ತಿರುಗುತ್ತಿವೆ. ಮತ್ತೆ ಮತ್ತೆ ಬಂದವನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಅಂಕಿಗಳೆಲ್ಲ 2025ರ ಋತುವಿನ ಕೊನೆಯವರೆಗಿನವು.

## ಮೊದಲ ಪ್ರಶ್ನೆಗಳು

ಒಂದೇ ತಂಡದವರು ಅಂದಮೇಲೆ ಅವರೊಳಗೇ ಎಂಥ ಪೈಪೋಟಿ?

ಫಾರ್ಮುಲಾ ಒನ್‌ನಲ್ಲಿ ಪ್ರತಿ ತಂಡಕ್ಕೆ ಎರಡು ಕಾರು, ಇಬ್ಬರು ಚಾಲಕರು. ತಂಡಗಳಿಗೆ ಒಂದು ಪ್ರಶಸ್ತಿ, ಚಾಲಕರಿಗೆ ಇನ್ನೊಂದು. ತಂಡದ ಪ್ರಶಸ್ತಿಗೆ ಇಬ್ಬರ ಅಂಕಗಳೂ ಕೂಡಿಕೊಳ್ಳುತ್ತವೆ, ಚಾಲಕರ ಪ್ರಶಸ್ತಿಗೆ ಅವರವರ ಅಂಕ ಅವರವರಿಗೆ. ಬೇರೆ ತಂಡದವನ ಎದುರು ಸೋತರೆ ಕಾರಿನ ಮೇಲೆ ಹೇಳಿ ಪಾರಾಗಬಹುದು. ಅಂಥದೇ ಕಾರಿನಲ್ಲಿ ಕೂತ ಜೊತೆಗಾರನ ಎದುರು ಸೋತರೆ ಆ ನೆಪ ನಡೆಯುವುದಿಲ್ಲ. ಅದಕ್ಕೇ ಚಾಲಕ ಮೊದಲು ಸೋಲಿಸಬೇಕಾದವನು ತನ್ನ ಜೊತೆಗಾರನನ್ನೇ ಎಂಬ ಮಾತು ಈ ಆಟದಲ್ಲಿ ಹಳೆಯದು. ವಯಸ್ಸಿನ ಪ್ರಶ್ನೆಗೆ ಉತ್ತರ ಹುಡುಕುವುದೂ ಇದೇ ಜಾಗದಲ್ಲಿ.

ಸುತ್ತಿಬಳಸಬೇಡಿ. ವಯಸ್ಸಾದವನು ಹುಡುಗನನ್ನು ಸೋಲಿಸಬಲ್ಲನೋ ಇಲ್ಲವೋ?

ಸೋಲಿಸಬಲ್ಲ, ಸೋಲಿಸಿದ್ದಾರೆ, ಈಗಲೂ ಸೋಲಿಸುತ್ತಿದ್ದಾರೆ. ನನ್ನ ಅಭಿಪ್ರಾಯ ಇಷ್ಟು: ವಯಸ್ಸು ಮೊದಲು ಕಿತ್ತುಕೊಳ್ಳುವುದು ಶನಿವಾರವನ್ನು, ಅಂದರೆ ಒಂದೇ ಲ್ಯಾಪಿನಲ್ಲಿ (ಟ್ರ್ಯಾಕಿನ ಒಂದು ಸುತ್ತಿನಲ್ಲಿ) ಎಲ್ಲವನ್ನೂ ಹಿಂಡಿ ತೆಗೆಯಬೇಕಾದ, ರೇಸಿನಲ್ಲಿ ಯಾರು ಎಲ್ಲಿಂದ ಹೊರಡಬೇಕೆಂದು ತೀರ್ಮಾನಿಸುವ ಅರ್ಹತಾ ಸುತ್ತನ್ನು. ಭಾನುವಾರದ ರೇಸ್ ಕೈಬಿಡುವುದು ಬಹಳ ತಡವಾಗಿ. ಕೆಳಗಿನ ಉತ್ತರಗಳಲ್ಲಿ ಇದಕ್ಕೆ ಪುರಾವೆಯೂ ಸಿಗುತ್ತದೆ, ಒಂದೆರಡು ಕಡೆ ಇದನ್ನು ಅಲ್ಲಗಳೆಯುವ ಉದಾಹರಣೆಯೂ ಸಿಗುತ್ತದೆ.

ರೇಸಿನಲ್ಲಿ 'ವಯಸ್ಸಾಯಿತು' ಅಂದರೆ ಎಷ್ಟು?

ಕಾಲಕ್ಕೆ ತಕ್ಕಂತೆ ಬದಲಾಗಿದೆ. 1950ರಲ್ಲಿ ಮೊದಲ ವಿಶ್ವ ಚಾಂಪಿಯನ್ ಆದ ನಿನೊ ಫರೀನಾ ಅವರಿಗೆ ಆಗ 43. ಮರುವರ್ಷ ಫ್ರಾನ್ಸಿನಲ್ಲಿ ಫ್ಯಾಂಜಿಯೊ ಜೊತೆ ಕಾರು ಹಂಚಿಕೊಂಡು ಗೆದ್ದ ಲುಯಿಜಿ ಫಾಜಿಯೋಲಿ ಅವರಿಗೆ 53. ಆ ದಾಖಲೆಯನ್ನು ಈವರೆಗೆ ಯಾರೂ ಮುರಿದಿಲ್ಲ. ಲೂಯಿ ಶಿರೋನ್ 1955ರ ಮೊನಾಕೊ ರೇಸಿಗೆ ಇಳಿದಾಗ 55 ದಾಟಿದ್ದರು, ಆರನೆಯವರಾಗಿ ಮುಗಿಸಿದರು.

ಅರವತ್ತರ ದಶಕಕ್ಕೆ ಬರುವಷ್ಟರಲ್ಲಿ ನಲವತ್ತು ಎಂದರೇ ಪತ್ರಿಕೆಗಳು ಅಜ್ಜ ಎನ್ನತೊಡಗಿದ್ದವು. 1966ರಲ್ಲಿ ಜಾಕ್ ಬ್ರಾಭಮ್ ನಲವತ್ತು ತುಂಬಿದವರು. ತಮ್ಮದೇ ಹೆಸರಿನ ಕಾರು ಕಟ್ಟಿ ತಾವೇ ಓಡಿಸುತ್ತಿದ್ದರು. ವಯಸ್ಸಿನ ಬಗ್ಗೆ ಬರೆದವರಿಗೆ ಉತ್ತರ ಕೊಡಲು ಹಾಲೆಂಡಿನ ಜಾಂಡ್‌ವೂರ್ಟ್‌ನಲ್ಲಿ ಅಂಟಿಸಿಕೊಂಡ ಗಡ್ಡದೊಂದಿಗೆ, ಊರುಗೋಲು ಹಿಡಿದವರಂತೆ ಕುಂಟುತ್ತ ಕಾರಿನ ಬಳಿಗೆ ನಡೆದರು. ರೇಸನ್ನೂ ಗೆದ್ದರು, ಆ ವರ್ಷದ ಪ್ರಶಸ್ತಿಯನ್ನೂ ಗೆದ್ದರು. ಸ್ವಂತ ಹೆಸರಿನ ಕಾರಿನಲ್ಲಿ ಚಾಂಪಿಯನ್ ಆದವರು ಅವರೊಬ್ಬರೇ.

ಇಂದು ಹದಿನೆಂಟಕ್ಕೇ ಒಳಗೆ ಬರುತ್ತಾರೆ. ಆದ್ದರಿಂದ 35ಕ್ಕೆ ಹಿರಿಯ, 40ಕ್ಕೆ ಅಪರೂಪ ಎಂದುಕೊಂಡರೆ ಸಾಕು.

ಓಡುವುದು ಕಾರು. ಕೂತವನಿಗೆ ಎಂಥ ದಣಿವು?

ಕೌಂಟರಿನಲ್ಲಿ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ. ಇದನ್ನು ಕೇಳುವವರು ಸಾಮಾನ್ಯವಾಗಿ ನಗುತ್ತಲೇ ಕೇಳುತ್ತಾರೆ.

ತಲೆ ಮತ್ತು ಹೆಲ್ಮೆಟ್ ಸೇರಿ ಆರೇಳು ಕಿಲೊ. ಜೋರಾಗಿ ಬ್ರೇಕ್ ಒತ್ತಿದಾಗ ಅಥವಾ ವೇಗದ ತಿರುವಿನಲ್ಲಿ ಗುರುತ್ವಾಕರ್ಷಣೆಯ ಐದು ಪಟ್ಟು ಬಲ ಬೀಳುತ್ತದೆ. ಆ ಕ್ಷಣದಲ್ಲಿ ಕುತ್ತಿಗೆ ಮೂವತ್ತು ಕಿಲೊಗಿಂತ ಹೆಚ್ಚು ಹೊರುತ್ತದೆ. ಒಂದು ಲ್ಯಾಪಿನಲ್ಲಿ ಹತ್ತಾರು ಸಲ, ಐವತ್ತು ಅರವತ್ತು ಲ್ಯಾಪು. ಬ್ರೇಕ್ ಪೆಡಲ್ ನಮ್ಮ ಕಾರುಗಳ ಹಾಗೆ ಮೆತ್ತಗಿರುವುದಿಲ್ಲ, ಪ್ರತಿ ಸಲವೂ ನೂರು ಕಿಲೊಗೂ ಮೀರಿ ತುಳಿಯಬೇಕು. ಸಿಂಗಪುರದಂಥ ಸೆಖೆಯ ಊರಿನಲ್ಲಿ ಎರಡು ಗಂಟೆ ಓಡಿಸಿ ಇಳಿಯುವಾಗ ಬೆವರಿನಲ್ಲೇ ಎರಡು ಮೂರು ಕಿಲೊ ಕರಗಿರುತ್ತದೆ.

ದಣಿವು ಯುವಕರಿಗೆ ಅನುಕೂಲ ಎಂದು ಊಹಿಸುವವರು 1955ರ ಅರ್ಜೆಂಟೀನಾ ರೇಸ್ ಬಗ್ಗೆ ತಿಳಿಯಬೇಕು. ಬ್ಯೂನಸ್ ಐರಿಸ್‌ನಲ್ಲಿ ಜನವರಿಯೆಂದರೆ ನಮ್ಮ ಚಿತ್ರದುರ್ಗದ ಏಪ್ರಿಲ್ ಇದ್ದ ಹಾಗೆ. ಸೆಖೆ ತಾಳಲಾರದೆ ಚಾಲಕರು ಒಬ್ಬೊಬ್ಬರಾಗಿ ಕಾರನ್ನು ಬೇರೆಯವರಿಗೆ ಒಪ್ಪಿಸಿ ಇಳಿದರು. ಆ ಕಾಲದಲ್ಲಿ ಅದಕ್ಕೆ ಅವಕಾಶವಿತ್ತು. ಮರ್ಸಿಡಿಸ್‌ನ 25 ವರ್ಷದ ಸ್ಟರ್ಲಿಂಗ್ ಮಾಸ್ ಅವರನ್ನು ರಸ್ತೆಬದಿಯಿಂದ ಆಂಬುಲೆನ್ಸಿಗೆ ಹತ್ತಿಸಬೇಕಾಯಿತು. ಆರಂಭದಿಂದ ಕೊನೆಯವರೆಗೆ ಒಬ್ಬರೇ ಓಡಿಸಿದವರು ಇಬ್ಬರು, ಇಬ್ಬರೂ ಅರ್ಜೆಂಟೀನಾದವರೇ: ರೊಬೆರ್ಟೊ ಮಿಯೆರೆಸ್ ಮತ್ತು ಮಾಸ್ ಅವರ ಜೊತೆಗಾರ, 43 ವರ್ಷದ ಹುವಾನ್ ಮ್ಯಾನುಯೆಲ್ ಫ್ಯಾಂಜಿಯೊ. ಎಂಜಿನ್ ಕಾವಿಗೆ ಕಾಲು ಸುಟ್ಟುಕೊಂಡೇ ಫ್ಯಾಂಜಿಯೊ ಗೆದ್ದರು. ಆ ವರ್ಷದ ಚಾಂಪಿಯನ್ ಅವರೇ, ಮಾಸ್ ಎರಡನೆಯವರು.

## ಕಣ್ಣು, ಕೈ, ಎದೆ

ಹೈವೇಯಲ್ಲಿ ಲಾರಿ ಓಡಿಸುವವನು ನಾನು. ನಲವತ್ತೈದಾದ ಮೇಲೆ ರಾತ್ರಿ ಎದುರಿನ ಲೈಟು ಚುಚ್ಚುತ್ತದೆ. ಅವರ ಕಣ್ಣು ಮಾತ್ರ ಹೇಗೆ ನೆಟ್ಟಗಿರುತ್ತದೆ?

ಅವರ ಕಣ್ಣಿಗೂ ನಿಮ್ಮ ಕಣ್ಣಿಗೂ ಒಂದೇ ನಿಯಮ. ನಲವತ್ತರ ಆಚೀಚೆ ಕಣ್ಣಿನ ಮಸೂರ ಗಡುಸಾಗುತ್ತದೆ, ಹತ್ತಿರದ್ದು ಓದಲು ಕಷ್ಟವಾಗುತ್ತದೆ. ಪ್ರಖರ ಬೆಳಕು ಬಿದ್ದ ಮೇಲೆ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಹಿಡಿಯುತ್ತದೆ. ಆದರೆ ರೇಸ್ ಚಾಲಕನ ನೋಟ ಇರುವುದು ದೂರದಲ್ಲಿ. ಹತ್ತಿರದಿಂದ ಓದಬೇಕಾದದ್ದು ಸ್ಟೇರಿಂಗ್ ಮೇಲಿನ ಪುಟ್ಟ ಪರದೆ ಮಾತ್ರ, ಅದರಲ್ಲಿರುವುದೂ ದೊಡ್ಡ ಅಕ್ಷರ ಮತ್ತು ಬಣ್ಣದ ದೀಪಗಳು. ಉಳಿದದ್ದನ್ನು ರೇಡಿಯೊದಲ್ಲಿ ಎಂಜಿನಿಯರ್ ಹೇಳುತ್ತಾನೆ. ಸಿಂಗಪುರದ ರಾತ್ರಿ ರೇಸ್‌ನಲ್ಲೂ ಇಡೀ ರಸ್ತೆಗೆ ದೀಪ ಹಾಕಿರುತ್ತಾರೆ, ಎದುರಿನಿಂದ ಯಾರೂ ಬರುವುದಿಲ್ಲ. ಹಿರಿಯೂರು ದಾಟಿದ ಮೇಲೆ ಹೈ ಬೀಮ್ ಹಾಕಿಕೊಂಡೇ ಬರುವವರನ್ನು ಎದುರಿಸುವ ನಿಮ್ಮ ಕೆಲಸ ಈ ಒಂದು ವಿಷಯದಲ್ಲಿ ಅವರದಕ್ಕಿಂತ ಕಠಿಣ. ಕನ್ನಡಕ ಹಾಕಿಕೊಂಡು ಗೆದ್ದವರೂ ಇದ್ದಾರೆ, ಫ್ರಾನ್ಸಿನ ಸೆಬಾಸ್ಟಿಯನ್ ಬೂರ್ಡೆ ಅವರಲ್ಲೊಬ್ಬರು. ನೀವೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.

ಇಪ್ಪತ್ತರ ಹುಡುಗನ ಕೈ ಚುರುಕು. ಅದೊಂದರಲ್ಲೇ ಗೆಲ್ಲುವುದಿಲ್ಲವೇ?

ಲೆಕ್ಕ ಹಾಕಿ ನೋಡೋಣ. ಗಂಟೆಗೆ 300 ಕಿಲೊಮೀಟರ್ ಎಂದರೆ ಸೆಕೆಂಡಿಗೆ ಸುಮಾರು 83 ಮೀಟರ್. ಹಿರಿಯನ ಪ್ರತಿಕ್ರಿಯೆ ಸೆಕೆಂಡಿನ ನೂರನೇ ಎರಡು ಭಾಗದಷ್ಟು ನಿಧಾನವಾದರೆ ಒಂದೂವರೆ ಮೀಟರಿಗಿಂತ ತುಸು ಹೆಚ್ಚೇ ಹಿಂದೆ ಬೀಳುತ್ತಾನೆ. ಸಣ್ಣದಲ್ಲ. ಆದರೆ ರೇಸಿನ ಬಹುಪಾಲು ಹೊತ್ತು ಚಾಲಕ ಯಾವುದಕ್ಕೂ ಬೆಚ್ಚಿ ಪ್ರತಿಕ್ರಿಯಿಸುತ್ತಿರುವುದಿಲ್ಲ. ತಿರುವು ಎಲ್ಲಿದೆಯೆಂದು ಅವನಿಗೆ ಗೊತ್ತು, ಎಲ್ಲಿ ಬ್ರೇಕ್ ಒತ್ತಬೇಕೆಂದು ಮೊದಲೇ ತೀರ್ಮಾನಿಸಿರುತ್ತಾನೆ. ಹಿಂದಿನ ಚಕ್ರ ಜಾರುವ ಸೂಚನೆಯನ್ನು ಸೊಂಟದಲ್ಲೇ ಹಿಡಿಯುತ್ತಾನೆ.

1950ರ ಮೊನಾಕೊ ರೇಸಿನ ಘಟನೆಯೊಂದಿದೆ. ಮೊದಲ ಲ್ಯಾಪಿನಲ್ಲೇ ಬಂದರಿನ ಬಳಿ ಸಮುದ್ರದ ಅಲೆ ರಸ್ತೆಗೆ ಚಿಮ್ಮಿ ಕಾರುಗಳು ಒಂದರ ಮೇಲೊಂದು ಬಿದ್ದಿದ್ದವು. ಎಲ್ಲರಿಗಿಂತ ಮುಂದಿದ್ದ ಫ್ಯಾಂಜಿಯೊ ಒಂದು ಸುತ್ತು ಮುಗಿಸಿ ಮತ್ತೆ ಅಲ್ಲಿಗೆ ಬರುತ್ತಿದ್ದರು. ತಿರುವಿನ ಆಚೆಗೆ ಏನಾಗಿದೆಯೆಂದು ಅವರಿಗೆ ಕಾಣುತ್ತಿರಲಿಲ್ಲ. ಕಂಡದ್ದು ಪ್ರೇಕ್ಷಕರು. ಮುಂಚೂಣಿಯಲ್ಲಿರುವ ತಮ್ಮನ್ನು ನೋಡಬೇಕಾದ ಜನ ಬೇರೆಲ್ಲೋ ನೋಡುತ್ತಿದ್ದರು. ಏನೋ ಆಗಿದೆಯೆಂದು ವೇಗ ತಗ್ಗಿಸಿದರು, ಗುಜರಿಯಂತೆ ಬಿದ್ದಿದ್ದ ಕಾರುಗಳ ನಡುವೆ ದಾರಿ ಮಾಡಿಕೊಂಡು ಹೋಗಿ ರೇಸ್ ಗೆದ್ದರು. ಆಗ ಅವರಿಗೆ 38. ಇಲ್ಲಿ ಕೈಚುರುಕಿನ ಕೆಲಸ ಬರುವ ಮೊದಲೇ ಕೆಲಸ ಮುಗಿದಿತ್ತು.

ಹೆಂಡತಿ ಮಕ್ಕಳಾದ ಮೇಲೆ ಕಾಲು ತಾನಾಗಿಯೇ ಆಕ್ಸಿಲರೇಟರಿನಿಂದ ಮೇಲೇಳುತ್ತದಂತೆ, ನಿಜವೇ?

ಧೈರ್ಯವನ್ನು ವಯಸ್ಸಿಗೆ ಕಟ್ಟಿಹಾಕುವುದು ತಪ್ಪು. 1976ರಲ್ಲಿ ಜಪಾನಿನ ಫ್ಯೂಜಿಯ ಮಳೆಯಲ್ಲಿ ಇದು ಓಡಿಸುವ ಹವೆಯಲ್ಲ ಎಂದು ಎರಡೇ ಲ್ಯಾಪಿಗೆ ಕಾರು ನಿಲ್ಲಿಸಿ ಒಂದೇ ಅಂಕದಿಂದ ಪ್ರಶಸ್ತಿ ಬಿಟ್ಟುಕೊಟ್ಟ ನಿಕಿ ಲೌಡಾ ಅವರಿಗೆ ಆಗ 27. ಅದೇ ಬೇಸಿಗೆಯಲ್ಲಿ ಬೆಂಕಿಯಲ್ಲಿ ಬೆಂದು ಎದ್ದು ಬಂದವರನ್ನು ಯಾರೂ ಪುಕ್ಕಲ ಎನ್ನಲಾರರು.

ಕುಂದುವುದು ಆಸೆ. 1996ರ ಚಾಂಪಿಯನ್ ಡೇಮನ್ ಹಿಲ್ 1999ರಲ್ಲಿ ಜೋರ್ಡನ್ ತಂಡದಲ್ಲಿದ್ದಾಗ 38 ವರ್ಷ ದಾಟಿತ್ತು. ಋತುವಿನ ನಡುವೆಯೇ ಬಿಟ್ಟುಬಿಡುವ ಯೋಚನೆ ಬಂದಿತ್ತು. ಕೊನೆಗೆ ಅವರ ಅಂಕ 7, ಜೊತೆಗಾರ ಹೈನ್ಸ್ ಹೆರಾಲ್ಡ್ ಫ್ರೆಂಟ್ಜೆನ್ ಅವರದು 54. ಹಿಂದಿನ ವರ್ಷವಷ್ಟೇ ಅದೇ ತಂಡಕ್ಕೆ ಮೊಟ್ಟಮೊದಲ ಗೆಲುವು ತಂದುಕೊಟ್ಟವರು ಹಿಲ್. ಒಂದೇ ವರ್ಷದಲ್ಲಿ ದೇಹ ಅಷ್ಟು ಮುದುಕಾಗುವುದಿಲ್ಲ.

## ಅಂಕಪಟ್ಟಿ ಓದುವವರಿಗೆ

2023ರಲ್ಲಿ ಅಲೊನ್ಸೊ 206, ಸ್ಟ್ರೋಲ್ 74. ಇನ್ನೇನು ಸಾಕ್ಷಿ ಬೇಕು ಸಾರ್?

ಬೇಕು. ಆಸ್ಟನ್ ಮಾರ್ಟಿನ್ ತಂಡದಲ್ಲಿ ಫರ್ನಾಂಡೊ ಅಲೊನ್ಸೊ ಆ ವರ್ಷ 42 ತುಂಬಿದವರು, ಲ್ಯಾನ್ಸ್ ಸ್ಟ್ರೋಲ್ 25. ಎಂಟು ಸಲ ಪೋಡಿಯಂ ಏರಿ (ಮೊದಲ ಮೂವರಲ್ಲೊಬ್ಬರಾಗಿ) ಅಲೊನ್ಸೊ ಒಟ್ಟಾರೆ ನಾಲ್ಕನೆಯವರಾದರು. 2024ರಲ್ಲಿ 70–24, 2025ರಲ್ಲಿ 56–33. ಶನಿವಾರಗಳಲ್ಲೂ ಅಲೊನ್ಸೊ ಅವರದೇ ಮೇಲುಗೈ. ಮೇಲೆ ನಾನು ಹೇಳಿದ 'ಮೊದಲು ಶನಿವಾರ ಹೋಗುತ್ತದೆ' ಎಂಬ ಮಾತಿಗೆ ಇದು ನೇರ ವಿರೋಧ.

ಆದರೆ ಅಳತೆಗೋಲು ಯಾವುದೆಂದೂ ನೋಡಬೇಕು. ಸ್ಟ್ರೋಲ್ ತಂಡದ ಒಡೆಯರ ಮಗ, ಆಗಾಗ ಮಿಂಚುತ್ತಾರೆ, ಆದರೆ ಚಾಂಪಿಯನ್ ಮಟ್ಟದ ಎದುರಾಳಿಯೆಂದು ಅವರನ್ನು ಯಾರೂ ಎಣಿಸಿಲ್ಲ. ಅದಕ್ಕಿಂತ ಒಳ್ಳೆಯ ಅಳತೆ ಆಲ್ಪೀನ್ ತಂಡದ ಎರಡು ವರ್ಷ. ಅಲ್ಲಿ ಜೊತೆಗಾರ ಎಸ್ಟೆಬಾನ್ ಓಕಾನ್, ಹದಿನೈದು ವರ್ಷ ಚಿಕ್ಕವರು. 2021ರಲ್ಲಿ ಅಲೊನ್ಸೊ 81, ಓಕಾನ್ 74. ಮರುವರ್ಷ ಓಕಾನ್ 92, ಅಲೊನ್ಸೊ 81. ಆ ಎರಡನೇ ವರ್ಷ ಅಲೊನ್ಸೊ ಅವರ ಕಾರು ಕೈಕೊಟ್ಟ ರೇಸ್‌ಗಳು ಒಂದೆರಡಲ್ಲ. ಒಟ್ಟಿನಲ್ಲಿ ಸಮ ಸಮ ಎನ್ನುವುದೇ ಪ್ರಾಮಾಣಿಕ ಉತ್ತರ, ನಲವತ್ತೊಂದರ ಚಾಲಕನಿಗೆ ಅದೇನೂ ಕಡಿಮೆಯಲ್ಲ.

ಹ್ಯಾಮಿಲ್ಟನ್ ಕತೆ ಮುಗಿಯಿತೇ?

ಹಾಸ್ಟೆಲ್ ಹುಡುಗರು ಎರಡು ಪಂಗಡವಾಗಿ ಜಗಳವಾಡುವ ಪ್ರಶ್ನೆ. ಮೊದಲು ಅಂಕಿ. ಮರ್ಸಿಡಿಸ್‌ನಲ್ಲಿ ಲೂಯಿಸ್ ಹ್ಯಾಮಿಲ್ಟನ್ ಅವರಿಗೆ ಹದಿಮೂರು ವರ್ಷ ಚಿಕ್ಕವರಾದ ಜಾರ್ಜ್ ರಸೆಲ್ ಜೊತೆಯಾದರು. 2022ರಲ್ಲಿ ರಸೆಲ್ 275, ಹ್ಯಾಮಿಲ್ಟನ್ 240. 2023ರಲ್ಲಿ ಹ್ಯಾಮಿಲ್ಟನ್ 234, ರಸೆಲ್ 175. 2024ರಲ್ಲಿ ರಸೆಲ್ 245, ಹ್ಯಾಮಿಲ್ಟನ್ 223. ಕೊನೆಯ ಆ ವರ್ಷದಲ್ಲಿ ಅರ್ಹತಾ ಸುತ್ತಿನಲ್ಲಿ ರಸೆಲ್ ಬಹುತೇಕ ಯಾವಾಗಲೂ ಮುಂದಿದ್ದರು. ಅಂಕಗಳಲ್ಲಿ ಅಂತರ ಅಷ್ಟಿಲ್ಲ. ಸಿಲ್ವರ್‌ಸ್ಟೋನ್‌ನಲ್ಲಿ ಮಳೆ ಬಂದು ಹೋದ ರೇಸನ್ನು 39ರ ಹ್ಯಾಮಿಲ್ಟನ್ ಗೆದ್ದರು. ಶನಿವಾರ ಜಾರಿ ಭಾನುವಾರ ಉಳಿಯುವುದು ಹೇಗಿರುತ್ತದೆಂದು ತೋರಿಸಲು ಇದಕ್ಕಿಂತ ಸ್ಪಷ್ಟ ವರ್ಷ ಸಿಗುವುದಿಲ್ಲ.

2025ರಲ್ಲಿ ಫೆರಾರಿಗೆ ಹೋದರು. ಶಾರ್ಲ್ ಲೆಕ್ಲೇರ್ 242, ಹ್ಯಾಮಿಲ್ಟನ್ 156. ಚೀನಾದಲ್ಲಿ ಸ್ಪ್ರಿಂಟ್ ಎಂಬ ಕಿರು ರೇಸ್ ಗೆದ್ದದ್ದು ಬಿಟ್ಟರೆ ಒಂದು ಮುಖ್ಯ ರೇಸಿನಲ್ಲೂ ಪೋಡಿಯಂ ಇಲ್ಲ. ಹಂಗೆರಿಯಲ್ಲಿ ಲೆಕ್ಲೇರ್ ಪೋಲ್ (ಎಲ್ಲರಿಗಿಂತ ಮುಂದಿನ ಆರಂಭದ ಸ್ಥಾನ) ಹಿಡಿದ ದಿನ ತಂಡ ಬೇರೆ ಚಾಲಕನನ್ನು ನೋಡಿಕೊಳ್ಳುವುದು ಒಳ್ಳೆಯದು ಎಂಬರ್ಥದ ಮಾತನ್ನು ಸ್ವತಃ ಹ್ಯಾಮಿಲ್ಟನ್ ಆಡಿದರು. ಋತುವಿನ ಕೊನೆಯ ಮೂರು ರೇಸ್‌ಗಳಲ್ಲಿ ಅರ್ಹತಾ ಸುತ್ತಿನ ಮೊದಲ ಹಂತದಲ್ಲೇ ಹೊರಬಿದ್ದರು.

ಇದರಲ್ಲಿ ವಯಸ್ಸಿನ ಪಾಲೆಷ್ಟು? ಹನ್ನೆರಡು ಋತು ಒಂದೇ ತಂಡದ ಬ್ರೇಕಿಗೆ ಕಾಲು ಹೊಂದಿಸಿಕೊಂಡವರು ಅವರು. ತಿರುವಿನ ಬುಡದವರೆಗೂ ಬ್ರೇಕನ್ನು ತಡೆದು, ಕಾರಿನ ಮೂತಿಯ ಮೇಲೆ ಭಾರ ಹಾಕಿ ತಿರುಗಿಸುವುದು ಅವರ ಶೈಲಿ. 2022ರ ನಿಯಮದಿಂದ ಬಂದ ಕಾರುಗಳು ನೆಲಕ್ಕೆ ಅಂಟಿದಂತೆ ತಗ್ಗು, ಗಡುಸು. ಆ ಶೈಲಿಗೆ ಅವು ಒಗ್ಗಲಿಲ್ಲ, ಅದನ್ನು ಅವರೂ ಮುಚ್ಚಿಟ್ಟಿಲ್ಲ. ಡೇನಿಯಲ್ ರಿಕಾರ್ಡೊ ಮೆಕ್ಲಾರೆನ್‌ಗೆ ಹೋಗಿ ಲ್ಯಾಂಡೊ ನಾರಿಸ್ ಎದುರು 2022ರಲ್ಲಿ 37–122ರಿಂದ ಸೋತಾಗ ಅವರಿಗಿನ್ನೂ 33. ಅದನ್ನು ಯಾರೂ ಮುಪ್ಪು ಎನ್ನಲಿಲ್ಲ, ಕಾರು ಒಗ್ಗಲಿಲ್ಲ ಎಂದರು. ಅದೇ ಸೋಲು ನಲವತ್ತಕ್ಕೆ ಬಂದರೆ ಮಾತ್ರ ಎಲ್ಲರ ಬೆರಳೂ ಜನ್ಮದಿನಾಂಕದತ್ತ. ಹಾಗೆಂದು ವಯಸ್ಸಿಗೆ ಪೂರ್ತಿ ಖುಲಾಸೆ ಕೊಡಲಾರೆ: ಹೊಸ ಕಾರಿಗೆ ಹಳೆಯ ಅಭ್ಯಾಸ ಬಿಡಿಸಿಕೊಳ್ಳುವುದು ಇಪ್ಪತ್ತೈದಕ್ಕಿಂತ ನಲವತ್ತರಲ್ಲಿ ನಿಧಾನ.

ಶುಮಾಕರ್ ವಾಪಸು ಬಂದು ಹೆಸರು ಕೆಡಿಸಿಕೊಂಡರಲ್ಲ?

ಏಳು ಸಲದ ಚಾಂಪಿಯನ್ ಮೈಕೆಲ್ ಶುಮಾಕರ್ ಮೂರು ವರ್ಷ ಹೊರಗಿದ್ದು 2010ರಲ್ಲಿ 41ನೇ ವಯಸ್ಸಿಗೆ ಮರಳಿದರು. ಜೊತೆಗಾರ ನಿಕೊ ರೋಸ್‌ಬರ್ಗ್ ಅವರಿಗೆ 24. ಮೂರು ವರ್ಷವೂ ರೋಸ್‌ಬರ್ಗ್ ಮುಂದೆ: 142–72, 89–76, 93–49. ಅಷ್ಟರಲ್ಲಿ ಟೈರ್ ಬದಲಾಗಿತ್ತು, ಋತುವಿನ ನಡುವಿನ ಪರೀಕ್ಷಾರ್ಥ ಓಟ ನಿಂತಿತ್ತು. ಫೆರಾರಿಯಲ್ಲಿದ್ದಾಗ ಫಿಯೊರಾನೊ ಟ್ರ್ಯಾಕಿನಲ್ಲಿ ದಿನವಿಡೀ ಓಡಿಸಿ ಕಾರನ್ನು ತನ್ನಂತೆ ಮಾಡಿಕೊಳ್ಳುತ್ತಿದ್ದ ಮನುಷ್ಯನಿಗೆ ಆ ದಾರಿಯೇ ಮುಚ್ಚಿತ್ತು.

ಆದರೂ ಒಂದು ವಿಷಯ ನನ್ನನ್ನು ಕಾಡುತ್ತದೆ. ಸಿಂಗಪುರದಲ್ಲಿ 2011ರಲ್ಲಿ ಪೆರೆಜ್ ಅವರ ಕಾರಿಗೆ, 2012ರಲ್ಲಿ ವೆರ್ನ್ ಅವರ ಕಾರಿಗೆ, ಅದೇ ವರ್ಷ ಸ್ಪೇನಿನಲ್ಲಿ ಬ್ರೂನೊ ಸೆನ್ನಾ ಅವರ ಕಾರಿಗೆ ಶುಮಾಕರ್ ಹಿಂದಿನಿಂದ ಗುದ್ದಿದರು. ಮುಂದಿನ ಕಾರು ಎಲ್ಲಿ ಬ್ರೇಕ್ ಹಾಕುತ್ತದೆಂಬ ಅಂದಾಜು ಮೂರು ಸಲವೂ ತಪ್ಪಿತು. ಇದು ಒಂಟಿ ಲ್ಯಾಪಿನ ವೇಗದ ಕೊರತೆಯಲ್ಲ, ಏಕೆಂದರೆ ಸ್ಪೇನಿನ ಆ ಗುದ್ದಾಟದ ಮರು ರೇಸಿನಲ್ಲೇ, ಮೊನಾಕೊದಲ್ಲಿ, ಅರ್ಹತಾ ಸುತ್ತಿನ ಅತಿ ವೇಗದ ಲ್ಯಾಪ್ 43ರ ಶುಮಾಕರ್ ಅವರದು. ಗುದ್ದಿದ್ದಕ್ಕೆ ಸಿಕ್ಕ ಐದು ಸ್ಥಾನಗಳ ಶಿಕ್ಷೆಯಿಂದ ಪೋಲ್ ಕೈತಪ್ಪಿತು. ನನ್ನ ಶನಿವಾರ–ಭಾನುವಾರದ ಸೂತ್ರ ಇಲ್ಲಿ ತಲೆಕೆಳಗು. ಹೆಸರು ಕೆಟ್ಟಿತೆಂದು ಮಾತ್ರ ನಾನು ಒಪ್ಪುವುದಿಲ್ಲ. ಅವರನ್ನು ಮೂರು ವರ್ಷ ಸೋಲಿಸಿದ ರೋಸ್‌ಬರ್ಗ್ 2016ರಲ್ಲಿ ಹ್ಯಾಮಿಲ್ಟನ್ ಅವರನ್ನೇ ಹಿಂದಿಕ್ಕಿ ಚಾಂಪಿಯನ್ ಆದರು. ಎದುರಿಗಿದ್ದದ್ದು ಸಾಮಾನ್ಯ ಆಸಾಮಿಯಲ್ಲ.

ಅರ್ಧ ಅಂಕದಲ್ಲಿ ಪ್ರಶಸ್ತಿ ಗೆದ್ದವರು ಯಾರು? (ಹೊಳಲ್ಕೆರೆಯ ಮೇಷ್ಟ್ರ ಕಾರ್ಡು)

ಲೌಡಾ, 1984. ಮೆಕ್ಲಾರೆನ್‌ನಲ್ಲಿ 35 ವರ್ಷದ ಲೌಡಾ, 29ರ ಅಲೇನ್ ಪ್ರಾಸ್ಟ್. ಅರ್ಹತಾ ಸುತ್ತುಗಳಲ್ಲಿ ಲೌಡಾ ಹೆಚ್ಚುಕಡಿಮೆ ಎಲ್ಲವನ್ನೂ ಸೋತರು. ಗೆಲುವುಗಳಲ್ಲೂ ಪ್ರಾಸ್ಟ್ ಏಳು, ಲೌಡಾ ಐದು. ಒಂದು ಲ್ಯಾಪಿನಲ್ಲಿ ಈ ಹುಡುಗನನ್ನು ಹಿಡಿಯಲಾಗದೆಂದು ಒಪ್ಪಿಕೊಂಡ ಲೌಡಾ ಶನಿವಾರದ ಗೊಡವೆ ಬಿಟ್ಟು ಕಾರನ್ನು ರೇಸಿಗೆ ಹದ ಮಾಡಿಕೊಳ್ಳತೊಡಗಿದರು.

ಕೊನೆಯ ರೇಸ್ ಪೋರ್ಚುಗಲ್‌ನ ಎಸ್ಟೊರಿಲ್‌ನಲ್ಲಿ. ಪ್ರಾಸ್ಟ್ ಮುಂದಿನ ಸಾಲಿನಲ್ಲಿ, ಲೌಡಾ ಹನ್ನೊಂದನೆಯವರು. ಪ್ರಾಸ್ಟ್ ಗೆದ್ದರೆ ಲೌಡಾ ಎರಡನೆಯವರಾಗಲೇಬೇಕು. ಒಬ್ಬೊಬ್ಬರನ್ನಾಗಿ ಹಿಂದಿಕ್ಕುತ್ತ ಮೂರಕ್ಕೆ ಬಂದು ನಿಂತರು. ಎರಡನೆಯ ಸ್ಥಾನದಲ್ಲಿದ್ದ ನೈಜೆಲ್ ಮ್ಯಾನ್ಸೆಲ್ ಬ್ರೇಕ್ ತೊಂದರೆಯಿಂದ ಗಿರಕಿ ಹೊಡೆದು ಹೊರಬಿದ್ದರು. ಪ್ರಾಸ್ಟ್ ರೇಸ್ ಗೆದ್ದರು, ಲೌಡಾ ಎರಡನೆಯವರಾಗಿ 72–71.5ರಿಂದ ಪ್ರಶಸ್ತಿ ಗೆದ್ದರು.

ಆ ಅರ್ಧ ಅಂಕ ಹುಟ್ಟಿದ್ದು ಮೊನಾಕೊದಲ್ಲಿ. ಮಳೆಯಿಂದ ರೇಸನ್ನು ಅರ್ಧಕ್ಕೂ ಮೊದಲೇ ನಿಲ್ಲಿಸಿದ್ದರಿಂದ ಗೆದ್ದ ಪ್ರಾಸ್ಟ್‌ಗೆ ಒಂಬತ್ತರ ಬದಲು ನಾಲ್ಕೂವರೆ ಅಂಕ. ಹಿಂದೆ ಐರ್ಟನ್ ಸೆನ್ನಾ ಬೆನ್ನಟ್ಟಿ ಬರುತ್ತಿದ್ದರು. ರೇಸ್ ಪೂರ್ತಿ ನಡೆದು ಪ್ರಾಸ್ಟ್ ಸೋತು ಎರಡನೆಯವರಾಗಿದ್ದರೂ ಆರು ಅಂಕ ಸಿಕ್ಕು ಅವರೇ ಚಾಂಪಿಯನ್ ಆಗುತ್ತಿದ್ದರು. ಮರುವರ್ಷ ಪ್ರಾಸ್ಟ್ ಪ್ರಶಸ್ತಿ ಗೆದ್ದರು, ಲೌಡಾ ಒಂದೇ ರೇಸ್ ಗೆದ್ದು ನಿವೃತ್ತರಾದರು.

ಸೋಲಿಸಿಕೊಂಡ ಹುಡುಗನೇ ಮುಂದೆ ಹಿರಿಯನಾಗಿ ಸೋಲಿಸಿದ್ದುಂಟೇ?

ನಿಕೊ ಹುಲ್ಕೆನ್‌ಬರ್ಗ್. 2010ರಲ್ಲಿ ವಿಲಿಯಮ್ಸ್ ತಂಡಕ್ಕೆ ಹೊಸಬರಾಗಿ ಬಂದಾಗ ಬ್ರೆಜಿಲ್‌ನ 38ರ ರುಬೆನ್ಸ್ ಬ್ಯಾರಿಕೆಲ್ಲೊ ಅವರ ಎದುರು 22–47ರಿಂದ ಸೋತರು. ಆದರೆ ಬ್ರೆಜಿಲ್ ರೇಸಿನ ಪೋಲ್ ಹೊಡೆದದ್ದು ಹೊಸಬರೇ. ಹದಿನೈದು ವರ್ಷದ ನಂತರ ಸೌಬರ್‌ನಲ್ಲಿ ಅವರ ಪಕ್ಕ ಕೂತದ್ದು ಬ್ರೆಜಿಲ್‌ನ ಹೊಸ ಹುಡುಗ ಗೇಬ್ರಿಯೆಲ್ ಬೋರ್ಟೊಲೆಟೊ. ಅರ್ಹತಾ ಸುತ್ತಿನಲ್ಲಿ ಹುಡುಗ ಸರಿಸಮವಾಗಿ ನಿಂತ. ಅಂಕದಲ್ಲಿ 51–19. ಒದ್ದೆ ಸಿಲ್ವರ್‌ಸ್ಟೋನ್‌ನಲ್ಲಿ ಹತ್ತೊಂಬತ್ತನೇ ಸ್ಥಾನದಿಂದ ಹೊರಟು ಮೂರನೆಯವರಾದ ಹುಲ್ಕೆನ್‌ಬರ್ಗ್ ತಮ್ಮ 239ನೇ ರೇಸಿನಲ್ಲಿ ಮೊದಲ ಸಲ ಪೋಡಿಯಂ ಏರಿದರು. ಪ್ರತಿ ಸಲವೂ ಟೈರ್ ಬದಲಿಸುವ ಲ್ಯಾಪನ್ನು ಸರಿಯಾಗಿ ಆರಿಸಿಕೊಂಡದ್ದೇ ಆ ದಿನದ ಗುಟ್ಟು.

## ಒಳಸುಳಿ

'ಟೈರ್ ಉಳಿಸುತ್ತಾರೆ' ಅಂತೀರಿ. ನಿಧಾನ ಓಡಿಸುವುದಕ್ಕೆ ಅನುಭವ ಯಾಕೆ?

ಟೈರ್ ಮಾರುವವನ ಉತ್ತರ ಕೇಳಿ. ರೇಸ್ ಟೈರಿನ ರಬ್ಬರ್ ಒಂದು ಕಾವಿನಲ್ಲಿ ಮಾತ್ರ ಅಂಟುತ್ತದೆ. ಅದಕ್ಕಿಂತ ತಣ್ಣಗಾದರೆ ಜಾರುತ್ತದೆ, ಕಾದರೆ ಮೇಲ್ಮೈ ಕಿತ್ತು ಕಾಳು ಕಾಳಾಗುತ್ತದೆ. ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಒಂದು ಕೂದಲೆಳೆ ಬೇಗ ಒತ್ತಿದರೂ ಹಿಂದಿನ ಚಕ್ರ ತುಸು ಹೆಚ್ಚು ಸುತ್ತಿ ಮೇಲ್ಮೈ ಕಾಯುತ್ತದೆ. ಅದರ ಬೆಲೆ ಆ ಲ್ಯಾಪಿನಲ್ಲಿ ಗೊತ್ತಾಗದು, ಎಂಟು ಹತ್ತು ಲ್ಯಾಪಿನ ಮೇಲೆ ಗೊತ್ತಾಗುತ್ತದೆ. ಸ್ಟೇರಿಂಗ್ ಎರಡು ಡಿಗ್ರಿ ಕಡಿಮೆ ತಿರುಗಿಸಿ ಅದೇ ತಿರುವನ್ನು ದಾಟುವುದು, ಯಾವ ತಿರುವಿನಲ್ಲಿ ಬಿಟ್ಟುಕೊಟ್ಟರೆ ಹಿಂದಿನವನು ನುಗ್ಗಲಾರ ಎಂದು ಆರಿಸುವುದು, ಉಳಿಸಿದ ರಬ್ಬರನ್ನು ಯಾವಾಗ ಖರ್ಚು ಮಾಡಬೇಕೆಂದು ಕಾಯುವುದು, ಇವೆಲ್ಲ ಸೇರಿ ಆ ವಿದ್ಯೆ.

2023ರ ಬ್ರೆಜಿಲ್ ರೇಸಿನ ಕೊನೆಯ ಲ್ಯಾಪುಗಳನ್ನು ನೋಡಿ. ಮೂರನೇ ಸ್ಥಾನದಲ್ಲಿದ್ದ ಅಲೊನ್ಸೊ ಅವರ ಹಿಂದೆ, ಹೆಚ್ಚು ವೇಗದ ರೆಡ್ ಬುಲ್‌ನಲ್ಲಿ ಪೆರೆಜ್. ತಿರುವುಗಳ ನಡುವೆ ಬೇಕೆಂದೇ ವಿಚಿತ್ರ ದಾರಿ ಹಿಡಿದು ಅಲೊನ್ಸೊ ಪೆರೆಜ್ ಅವರನ್ನು ಲ್ಯಾಪುಗಟ್ಟಲೆ ತಡೆದರು. ಕೊನೆಗೆ ಪೆರೆಜ್ ದಾಟಿಯೇ ಬಿಟ್ಟರು. ಅಲೊನ್ಸೊ ಕೊನೆಯ ಲ್ಯಾಪಿನಲ್ಲಿ ಮತ್ತೆ ದಾಟಿ 0.053 ಸೆಕೆಂಡಿನಿಂದ ಮೂರನೇ ಸ್ಥಾನ ಉಳಿಸಿಕೊಂಡರು.

ಈ ವಿದ್ಯೆಯ ಮೂಲಪಾಠ 1957ರ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ರೇಸ್. 46ರ ಫ್ಯಾಂಜಿಯೊ ಅರ್ಧ ಟ್ಯಾಂಕ್ ಇಂಧನದೊಂದಿಗೆ ಹೊರಟು, ಹಗುರ ಕಾರಿನಲ್ಲಿ ಅಂತರ ಗಳಿಸಿ, ನಡುವೆ ಒಮ್ಮೆ ನಿಲ್ಲುವ ಯೋಜನೆ ಹಾಕಿದ್ದರು. ಪಿಟ್‌ನಲ್ಲಿ (ಇಂಧನ, ಟೈರಿಗೆ ಕಾರು ನಿಲ್ಲಿಸುವ ಜಾಗ) ಕೆಲಸ ತಡವಾಗಿ, ಹೊರಬರುವಾಗ ಫೆರಾರಿಯ ಹಾಥಾರ್ನ್ ಮತ್ತು ಕಾಲಿನ್ಸ್ ಅವರಿಗಿಂತ ಸುಮಾರು 50 ಸೆಕೆಂಡ್ ಹಿಂದೆ. ಆಮೇಲೆ ಲ್ಯಾಪ್ ಮೇಲೆ ಲ್ಯಾಪ್ ದಾಖಲೆ ಮುರಿಯುತ್ತ ಹೋದರು. ಅವರದೇ ಪೋಲ್ ಸಮಯ 9 ನಿಮಿಷ 25.6 ಸೆಕೆಂಡ್, ರೇಸಿನಲ್ಲಿ 9 ನಿಮಿಷ 17.4. ಕೊನೆಯದಕ್ಕೆ ಮುಂಚಿನ ಲ್ಯಾಪಿನಲ್ಲಿ ಇಪ್ಪತ್ತರ ಹರೆಯದ ಇಬ್ಬರನ್ನೂ ದಾಟಿ ಐದನೇ ಪ್ರಶಸ್ತಿ ಖಚಿತ ಮಾಡಿಕೊಂಡರು. ಅದೇ ಅವರ ಕೊನೆಯ ಗೆಲುವು.

ತಂಡದವರೇ ಹಿರಿಯನಿಗೆ ಒಳ್ಳೆಯ ಕಾರು ಕೊಡುತ್ತಾರೆ ಎನ್ನುವುದು ಸುಳ್ಳೇ?

ಪೂರ್ತಿ ಸುಳ್ಳಲ್ಲ. ಹೊಸ ಬಿಡಿಭಾಗ ಒಂದೇ ತಯಾರಾದಾಗ ಅದು ಯಾರ ಕಾರಿಗೆ, ಪಿಟ್‌ಗೆ ಮೊದಲು ಯಾರು ಎಂಬಲ್ಲಿ ಪಕ್ಷಪಾತ ನುಸುಳುತ್ತದೆ. 1956ರಲ್ಲಿ ಮಾಂಜಾದಲ್ಲಿ 24 ವರ್ಷದ ಪೀಟರ್ ಕಾಲಿನ್ಸ್ ತಮಗೇ ಪ್ರಶಸ್ತಿಯ ಸಾಧ್ಯತೆಯಿದ್ದರೂ ಕಾರು ಕೆಟ್ಟು ನಿಂತಿದ್ದ ಫ್ಯಾಂಜಿಯೊ ಅವರಿಗೆ ತಮ್ಮ ಕಾರನ್ನೇ ಬಿಟ್ಟುಕೊಟ್ಟರು. ಫ್ಯಾಂಜಿಯೊ ಚಾಂಪಿಯನ್ ಆದರು. ಕಾಲಿನ್ಸ್ ಎರಡು ವರ್ಷದ ನಂತರ ನ್ಯೂರ್‌ಬರ್ಗ್‌ರಿಂಗ್‌ನ ಅಪಘಾತದಲ್ಲೇ ಸತ್ತರು, ಪ್ರಶಸ್ತಿ ಗೆಲ್ಲಲೇ ಇಲ್ಲ.

ಉಲ್ಟಾ ಕೂಡ ನಡೆಯುತ್ತದೆ. 2021ರ ಹಂಗೆರಿಯಲ್ಲಿ, ನಲವತ್ತು ತುಂಬಿದ ವಾರದಲ್ಲೇ, ಅಲೊನ್ಸೊ ನುಗ್ಗಿ ಬರುತ್ತಿದ್ದ ಹ್ಯಾಮಿಲ್ಟನ್ ಅವರನ್ನು ಲ್ಯಾಪುಗಟ್ಟಲೆ ಕಟ್ಟಿಹಾಕಿದರು. ಮುಂದೆ ಓಕಾನ್ ತಮ್ಮ ಮೊದಲ ಗೆಲುವು ಪಡೆದರು. ಜೊತೆಗಾರರ ಅಂಕಪಟ್ಟಿಯಲ್ಲಿ ಅದು ಅಲೊನ್ಸೊ ಅವರ ಸೋಲು.

ನಮ್ಮವರ ಕತೆಯೇನು? ನಾರಾಯಣ್ ಕಾರ್ತಿಕೇಯನ್‌ಗೂ ಹಿರಿಯ ಜೊತೆಗಾರ ಇದ್ದರೇ?

ಇದ್ದರು. 2012ರಲ್ಲಿ ಎಚ್‌ಆರ್‌ಟಿ ತಂಡದಲ್ಲಿ 35ರ ನಾರಾಯಣ್ ಪಕ್ಕ 41ರ ಪೆಡ್ರೊ ಡಿ ಲಾ ರೋಸಾ. ಇಡೀ ಸಾಲಿನಲ್ಲೇ ಹಿಂದಿನ ಕಾರು, ಇಬ್ಬರಿಗೂ ಅಂಕ ಶೂನ್ಯ. ಅರ್ಹತಾ ಸುತ್ತಿನಲ್ಲಿ ಹೆಚ್ಚಿನ ಸಲ ಮುಂದಿದ್ದವರು ಡಿ ಲಾ ರೋಸಾ. ವರ್ಷಗಟ್ಟಲೆ ಮೆಕ್ಲಾರೆನ್‌ನಲ್ಲಿ ಪರೀಕ್ಷಾ ಚಾಲಕರಾಗಿದ್ದವರಿಗೆ ಕೆಟ್ಟ ಕಾರಿನಿಂದಲೂ ಕೆಲಸ ತೆಗೆಯುವುದು ಗೊತ್ತಿತ್ತು.

ರ‍್ಯಾಲಿಯಲ್ಲಿ ಅರವತ್ತರವರೂ ಗೆಲ್ಲುತ್ತಾರಂತೆ?

ಹೌದು. ಕಾರ್ಲೋಸ್ ಸೈಂಜ್, ಈಗ ಫಾರ್ಮುಲಾ ಒನ್‌ನಲ್ಲಿರುವ ಸೈಂಜ್ ಅವರ ತಂದೆ, 2024ರ ಡಾಕರ್ ರ‍್ಯಾಲಿಯನ್ನು 61ನೇ ವಯಸ್ಸಿನಲ್ಲಿ ಗೆದ್ದರು. 2022ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ 47ರ ಸೆಬಾಸ್ಟಿಯನ್ ಲೋಬ್ 38ರ ಒಜಿಯೆ ಅವರನ್ನು ಹಿಂದಿಕ್ಕಿದರು. ರ‍್ಯಾಲಿಯ ಆಚೆಗೂ ಉದಾಹರಣೆಯಿದೆ: ಅಮೆರಿಕದ ಇಂಡಿಯಾನಾಪೊಲಿಸ್ 500 ರೇಸನ್ನು ಎಲಿಯೊ ಕಾಸ್ಟ್ರೊನೆವೆಸ್ 2021ರಲ್ಲಿ ನಾಲ್ಕನೇ ಸಲ ಗೆದ್ದಾಗ 46, ಆಲ್ ಅನ್ಸರ್ 1987ರಲ್ಲಿ ಗೆದ್ದಾಗ 47. ರ‍್ಯಾಲಿಯಲ್ಲಿ ಒಂದೇ ರಸ್ತೆಯನ್ನು ಐವತ್ತು ಸಲ ಸುತ್ತುವುದಿಲ್ಲ. ಮುಂದಿನ ಮರಳುದಿಬ್ಬದ ಆಚೆ ಏನಿದೆಯೋ ಎಂದು ಊಹಿಸಬೇಕು, ಕಾರನ್ನು ಎರಡು ವಾರ ಮುರಿಯದೆ ಕಾಪಾಡಬೇಕು. ಕುತ್ತಿಗೆಯ ಮೇಲಿನ ಭಾರವೂ ಕಡಿಮೆ.

ಈಗಿನ ಹುಡುಗರು ಸಿಮ್ಯುಲೇಟರಿನಲ್ಲೇ ಎಲ್ಲ ಕಲಿತು ಬರುತ್ತಾರೆ. ಇನ್ನು ಅನುಭವಕ್ಕೆ ಬೆಲೆಯೇನು?

ಟ್ರ್ಯಾಕ್ ಕಲಿಯುವ ಕೆಲಸವನ್ನು ಸಿಮ್ಯುಲೇಟರ್ ನಿಜಕ್ಕೂ ಕಿತ್ತುಕೊಂಡಿದೆ. ಹಿಂದೆ ಹೊಸಬ ಶುಕ್ರವಾರವಿಡೀ ತಿರುವು ಗುರುತಿಸುತ್ತಿದ್ದ, ಈಗ ಮೊದಲ ಲ್ಯಾಪಿನಿಂದಲೇ ವೇಗ. ಆದರೂ 2025ರಲ್ಲಿ ಮರ್ಸಿಡಿಸ್‌ನ 18ರ ಕಿಮಿ ಆಂಟೊನೆಲ್ಲಿ 150, ರಸೆಲ್ 319. ರಸೆಲ್ ಮುದುಕರಲ್ಲ, ಆಗ 27. ಅಂದರೆ ಅನುಭವದ ಲಾಭ ನಲವತ್ತಕ್ಕೆ ಕಾಯುವುದಿಲ್ಲ, ಕೆಲವೇ ಋತುಗಳಲ್ಲಿ ಬಹುಪಾಲು ಕೈಸೇರುತ್ತದೆ. ಹಿರಿಯರಿಗೆ ನಿಜವಾದ ಆತಂಕ ಹದಿನೆಂಟರವನಲ್ಲ. ಚುರುಕೂ ಮಾಸದ, ಅನುಭವವೂ ಸೇರಿದ ಇಪ್ಪತ್ತೇಳರವನು.

ಮುಂದಿನ ರೇಸ್ ನೋಡುವಾಗ ವಯಸ್ಸನ್ನು ಎಲ್ಲಿ ಹುಡುಕಲಿ?

ಮೂರು ಕಡೆ. ಶನಿವಾರ, ಅರ್ಹತಾ ಸುತ್ತಿನ ಕೊನೆಯ ಪ್ರಯತ್ನದಲ್ಲಿ ಇಬ್ಬರು ಜೊತೆಗಾರರ ಸಮಯವನ್ನು ಟ್ರ್ಯಾಕಿನ ಮೂರು ಭಾಗಗಳಲ್ಲಿ ಬಿಡಿಸಿ ನೋಡಿ. ಹಿರಿಯ ಎಲ್ಲಾ ಕಡೆ ಚೂರು ಚೂರು ಕಳೆದುಕೊಳ್ಳುತ್ತಿದ್ದರೆ ವಯಸ್ಸನ್ನು ಶಂಕಿಸಿ. ಒಂದೇ ಭಾಗದಲ್ಲಿ ಕಳೆದುಕೊಂಡರೆ ಕಾರಿನ ಹೊಂದಾಣಿಕೆ ಇರಬಹುದು. ಭಾನುವಾರ, ಟೈರ್ ಬದಲಿಸಿದ ಹನ್ನೆರಡನೇ ಲ್ಯಾಪಿನ ನಂತರ ಇಬ್ಬರ ಲ್ಯಾಪ್ ಸಮಯ ಹೋಲಿಸಿ. ಮಳೆ ಬಂದರೆ, ಒಣ ಟೈರಿಗೆ ಮೊದಲು ಮರಳುವವರು ಯಾರೆಂದು ಗಮನಿಸಿ. ಇಷ್ಟಕ್ಕೂ ಟಿವಿಯವರು ತೋರಿಸದಿದ್ದರೆ ಫಾರ್ಮುಲಾ ಒನ್ ಆ್ಯಪ್‌ನ ಸಮಯಪಟ್ಟಿ ತೆರೆದಿಟ್ಟುಕೊಳ್ಳಿ, ಹಾಸ್ಟೆಲ್ ಹುಡುಗರು ಮಾಡುವುದೂ ಅದನ್ನೇ.